ಮಕ್ತುಮ ಸರ್ ಮತ್ತು ಕಡಲಿನ ಬಸವನಹುಳು

ಮಕ್ತುಮ ಸರ್ ಬಲಗೈಯಿಂದ ಬೋರ್ಡಿನ ಮೇಲೆ ಬರೆಯುತ್ತಿದ್ದರೆ ಎಡಗೈಯ ಎರಡು ಬೆರಳು ಸದಾ ಪಕ್ಕೆಯ ಹತ್ತಿರ ಅಂಗಿಯನ್ನು ಮೈಯಿಂದ ಎತ್ತಿ ಹಿಡಿದಿರುತ್ತಿದ್ದವು. ಇಳಕಲ್ಲಿನ ನಮ್ಮ ಕಾಲೇಜಿನಲ್ಲಿ ಅವರು ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ಆ ಭಂಗಿಯನ್ನು ನಾವೆಲ್ಲ ಅಣಕಿಸುತ್ತಿದ್ದೆವು. ಎಲ್ಲರಿಗಿಂತ ಚೆನ್ನಾಗಿ ಅಣಕಿಸುತ್ತಿದ್ದವನು ನಾನೇ ಎಂದು ಗೆಳೆಯರು ಹೇಳುತ್ತಾರೆ. ನನಗೆ ನೆನಪಿಲ್ಲ. ಮರೆತದ್ದು ನನಗೆ ಅನುಕೂಲವೂ ಹೌದು.

ಹುಡುಗರನ್ನು ಅವರು ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು. "ಏ ಬಾದಾಮಿ, ನಿದ್ದಿ ಬಂತನ? ಏ ಪಟ್ಟದಕಲ್ಲ, ಅವನ ಮ್ಯಾಲ ಒಂದೀಟು ನೀರ ಹಾಕು." ನಾನು ಹುನಗುಂದ.

ಒಂದು ದಿನ ಜೇಬಿನಿಂದ ಶೇಂಗಾ ಕಟ್ಟಿಕೊಡುವ ಕಾಗದದ ಪೊಟ್ಟಣದ ಆಕಾರದ ಚಿಪ್ಪೊಂದನ್ನು ತೆಗೆದು ಮೇಜಿನ ಮೇಲಿಟ್ಟರು. "ಇದರಾಗ ಇದ್ದದ್ದು ಸಮುದ್ರದ ಬಸವನಹುಳು. ಓಡಾಕ ಬರೂದಿಲ್ಲ. ಆದ್ರ ಓಡೋ ಮೀನ ತಿಂತೈತಿ. ಹೆಂಗ?" ಅದು ಬಾಣದಂಥ ಹಲ್ಲು ಚುಚ್ಚಿ ವಿಷ ಬಿಡುತ್ತದೆ, ಮೀನು ಇದ್ದಲ್ಲೇ ಸೆಟೆಯುತ್ತದೆ ಎಂದು ಅವರೇ ಹೇಳಿ, ತರಗತಿಯ ಬಾಗಿಲಿಗೆ ಹೋಗಿ ನಿಂತರು.

"ನರದ ತುದಿಗೆ ಸಣ್ಣ ಸಣ್ಣ ಬಾಗಲಾ ಇರ್ತಾವ. ಕ್ಯಾಲ್ಸಿಯಂ ಒಳಗ ಬಂದ್ರಷ್ಟ ಸುದ್ದಿ ಮುಂದಿನ ನರಕ್ಕ ಮುಟ್ಟತೈತಿ. ಈ ಹುಳದ ವಿಷದಾಗಿನ ಒಂದು ಪದಾರ್ಥ ಆ ಬಾಗಲಾ ಹಾಕಿಬಿಡ್ತೈತಿ." ದಡಕ್ಕನೆ ಬಾಗಿಲು ಮುಚ್ಚಿದರು. "ಮುಗೀತು. ನೋವಿನ ಸುದ್ದಿನೂ ಇಲ್ಲ. ಅದನ್ನ ನೋಡೇ ಔಷಧ ಮಾಡ್ಯಾರ."

ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಆದರೆ ಬಾದಾಮಿಯ ಗೆಳೆಯ ಮೊನ್ನೆ, "ಆ ಖೋಲಿಗೆ ಬಾಗಲಾನ ಇರಲಿಲ್ಲಲೇ" ಎಂದುಬಿಟ್ಟ.

ಮುಂದೆ ಔಷಧಶಾಸ್ತ್ರ ಓದುವಾಗ ಆ ಎರಡು ಬೆರಳಿನ ಅರ್ಥ ತಿಳಿಯಿತು. ಅವರಿಗೆ ಹಿಂದೆ ಸರ್ಪಸುತ್ತು ಆಗಿತ್ತು. ಚರ್ಮ ಮಾಗಿದರೂ ನರ ಮಾಗಿರಲಿಲ್ಲ. ಬಟ್ಟೆ ತಗುಲಿದರೂ ಕೆಂಡ ತಗುಲಿದಂತಾಗುವ ನೋವು ಅದು.

ನಾನು ಬಾಗಲಕೋಟೆಯಲ್ಲಿ ಪಾಠ ಹೇಳುತ್ತಿದ್ದಾಗ, ನಿವೃತ್ತರಾಗಿದ್ದ ಸರ್ ಫೋನು ಮಾಡಿದರು. "ಹುನಗುಂದ, ಆ ಹುಳದ ಔಷಧ ನನಗ ಆಗ್ತೈತೇನು ನೋಡಲೇ. ಗುಳಿಗಿ ನುಂಗಿದ್ರ ನಾ ಮಲಗ್ತೇನಿ, ನೋವು ಎಚ್ಚರನ ಇರ್ತೈತಿ. ದಿನಾ ಬ್ಯಾಡ, ರಂಜಾನ್ ಹಬ್ಬದ ದಿನ ಒಂದ ಸಾಕು."

ಹಬ್ಬದ ನಮಾಜು ಮುಗಿಸಿ ಎಲ್ಲರೂ ಮೂರು ಸಲ ಅಪ್ಪಿಕೊಳ್ಳುವಾಗ, ಅವರು ವರ್ಷಗಳಿಂದ ಗೋಡೆಯ ಪಕ್ಕ ನಿಂತು ಕೈಯಷ್ಟೇ ಚಾಚುತ್ತಿದ್ದರು. "ಮೊಮ್ಮಗಳೂ ಬ್ಯಾಂಕ್ ಮ್ಯಾನೇಜರ್ ಗತೆ ಕೈ ಕೊಟ್ಟು ಹೊಕ್ಕಾಳಲೇ" ಎಂದು ನಕ್ಕರು.

ಎರಡೇ ದಿನದಲ್ಲಿ ಉತ್ತರ ಸಿಕ್ಕಿತು. ಅದು ನುಂಗುವ ಔಷಧವಲ್ಲ. ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ನಳಿಕೆ ಹಾಕಿ, ಪಂಪಿನಿಂದ ಹನಿಹನಿಯಾಗಿ, ದಿನಗಟ್ಟಲೆ ಬಿಡಬೇಕು. ನಾನು ವಿಚಾರಿಸಿದ ವೈದ್ಯರಲ್ಲಿ ಅದನ್ನು ಬಳಸಿದವರು ಒಬ್ಬರೂ ಇರಲಿಲ್ಲ. ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. "ನೋಡಾಕತ್ತೇನ್ರಿ ಸರ್" ಎನ್ನುತ್ತ ಮೂರು ತಿಂಗಳು ತಳ್ಳಿದೆ. ಕೊನೆಗೆ ಹಬ್ಬದ ದಿನವೇ ಇಳಕಲ್ಲಿಗೆ ಹೋಗಿ, ಹಬ್ಬದ ಶಾವಿಗೆ ಪಾಯಸ ಸುರಕುಂಬಾದ ಬಟ್ಟಲು ಹಿಡಿದುಕೊಂಡೇ ಎಲ್ಲ ಹೇಳಿದೆ.

"ಮತ್ತ ಕೆಲವರಿಗೆ ತಲಿ ಗೊಂದಲ ಆಗ್ತೈತ್ರಿ. ನೆನಪು ತಪ್ಪತೈತಿ."

"ನೆನಪು ತಪ್ಪತೈತಿ?" ಅವರು ನನ್ನತ್ತ ತಿರುಗಿದರು. "ಅಪ್ಪಿಕೊಂಡಾಂವ ಯಾರಂತ ತಿಳೀಲಿಲ್ಲಂದ್ರ ಅಪ್ಪಿಕೊಂಡು ಏನ್ ಬಂತಲೇ? ಇಷ್ಟು ಹೇಳಾಕ ಮೂರು ತಿಂಗಳ ಬೇಕಾತನ ನಿನಗ?"

ನನ್ನ ಕೈಯಿಂದ ಬಟ್ಟಲು ತೆಗೆದು ಕಿಟಕಿಯಲ್ಲಿಟ್ಟರು. ಎರಡೂ ತೋಳು ಚಾಚಿ ನನ್ನನ್ನು ಎದೆಗೆ ಒತ್ತಿಕೊಂಡರು. ಅವರ ಉಸಿರು ತಟಕ್ಕನೆ ನಿಂತದ್ದು ನನ್ನ ಕಿವಿಯ ಪಕ್ಕದಲ್ಲೇ ಕೇಳಿಸಿತು.

"ಬಿಡ್ರಿ ಸರ್, ನೋವಾಗತೈತಿ."

"ಆಗಲಿ ತಡಿ. ಇನ್ನೂ ಎರಡು ಅದಾವ."

ಬಿಟ್ಟಾಗ ಅವರ ಹಣೆಯೆಲ್ಲ ಬೆವರಾಗಿತ್ತು. ಒಳಕೋಣೆಯ ಕಡೆ ತಿರುಗಿ ಮೊಮ್ಮಗಳನ್ನು ಕೂಗಿದರು. ಅವಳು ರೂಢಿಯಂತೆ ಕೈ ಚಾಚಿಕೊಂಡೇ ಬಂದಳು.

ಮುಂದಿನ ರಂಜಾನಿಗೆ ಸರ್ ಇರಲಿಲ್ಲ. ಅಂದು ನನ್ನನ್ನು ಅಪ್ಪಿಕೊಂಡದ್ದು ಮೂರು ಸಲವೋ, ಎರಡು ಸಲವೋ, ಆಣೆ ಮಾಡಿ ಹೇಳಲಾರೆ. ಆದರೆ ಮೊಮ್ಮಗಳ ಆ ಕೈಯನ್ನು ಪಕ್ಕಕ್ಕೆ ಸರಿಸಿ ಅವರು ಅವಳನ್ನು ಎತ್ತಿಕೊಂಡದ್ದು ಮಾತ್ರ ಕಣ್ಣಿಗೆ ಕಟ್ಟಿದಂತಿದೆ; ಅದು ಹೌದೋ ಅಲ್ಲವೋ ಎಂದು ಇದುವರೆಗೆ ಯಾರನ್ನೂ ಕೇಳಿಲ್ಲ. ಕೇಳುವುದೂ ಇಲ್ಲ.