ಖಾಲಿ ಬಾಕ್ಸಿನ ಸೊನ್ನೆ

ಕಾಲುವೆಯ ಗೇಟನ್ನು ಕಂಪ್ಯೂಟರ್ ಪರದೆಯಿಂದಲೇ ಏರಿಸಿ ಇಳಿಸುವ ವ್ಯವಸ್ಥೆ ಶಹಾಪುರಕ್ಕೆ ಹೊಸದಾಗಿ ಬಂದ ಕಾಲವದು. ಪ್ರೋಗ್ರಾಂ ಬರೆಯುವ ಹೊಣೆ ಯಾದಗಿರಿಯವಳೇ ಆದ ನನ್ನದಾಗಿತ್ತು. ನಾನು ಆರಿಸಿಕೊಂಡದ್ದು ಸ್ಟ್ರಾಂಗ್ಲಿ ಟೈಪ್ಡ್ ಭಾಷೆ. ಯಾವ ಮೌಲ್ಯ ಯಾವ ಬಗೆಯದೆಂದು ಮೊದಲೇ ಹೇಳಿಸಿಕೊಂಡು, ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಲು ಬಿಡದ ಕಟ್ಟುನಿಟ್ಟಿನ ಭಾಷೆ ಅದು. ಪರದೆಯ ಬಟನ್ನು, ಬಾಕ್ಸುಗಳು ಮಾತ್ರ ಹಳೆಯದೊಂದು ಗ್ರಾಫಿಕಲ್ ಲೈಬ್ರರಿಯವು, ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನವು. ಆ ಲೈಬ್ರರಿಗೆ ಏನಾದರೂ ನಡೆಯುತ್ತಿತ್ತು. ನೀರಿನ ಮಟ್ಟ ಬರೆಯುವ ಬಾಕ್ಸ್ ಖಾಲಿ ಬಿಟ್ಟರೆ ತಾನೇ ಸೊನ್ನೆ ತುಂಬಿಕೊಳ್ಳುತ್ತಿತ್ತು.

ಈ ಧಾರಾಳತನ ಕಂಡರೆ ನನಗೆ ಮೈ ಉರಿಯುತ್ತಿತ್ತು. ನೀರಿಲ್ಲ ಎನ್ನುವುದು ಬೇರೆ, ಇದೆಯೋ ಇಲ್ಲವೋ ತಿಳಿಯದು ಎನ್ನುವುದು ಬೇರೆ. ಹಟ ಹಿಡಿದು ಲೈಬ್ರರಿಯ ಪ್ರತಿ ಬಾಕ್ಸಿಗೂ ಒಳಗಿರುವುದನ್ನು ಮೊದಲು ಪರೀಕ್ಷಿಸುವ ಒಂದು ಹೊದಿಕೆ ಕೋಡ್ ಬರೆದೆ. ಅಂಕಿ ಬಂದರೆ ‘ಅಳತೆ’, ಬರದಿದ್ದರೆ ‘ಗೊತ್ತಿಲ್ಲ’. ಎರಡೂ ಬೇರೆ ಬೇರೆ ಟೈಪ್. ಪರದೆಯ ಮೇಲೆ ‘ಗೊತ್ತಿಲ್ಲ’ ಇರುವಷ್ಟು ಹೊತ್ತು ಗೇಟ್ ಏರಿಸುವ ಬಟನ್ ಕೆಲಸ ಮಾಡದು.

ಕಚೇರಿಯ ಎಂಜಿನಿಯರ್ ಮಲ್ಲಣ್ಣನವರು ಎಲ್ಲರೆದುರೇ ನಕ್ಕರು. “ಗೊತ್ತಿಲ್ಲ ಅಂತ ಹೇಳಾಕ ಕಂಪ್ಯೂಟರ್ ಯಾಕ್ ಬೇಕ್ರಿ ಮೇಡಂ? ಅದನ್ನ ನಾವ ಹೇಳ್ತೀವಲ್ಲ!”

ಬೇಸಿಗೆ ಬೆಳೆಯ ದಿನಗಳು. ಒಂದು ಸಂಜೆ ಅಕಾಲ ಮಳೆ ಹೊಡೆದು ಫೋನ್ ಲೈನ್ ಕೆಟ್ಟಿತು. ಬೆಳಿಗ್ಗೆ ದೇವಾಪುರದ ಕಡೆಯ ಕಾಲುವೆ ತುದಿಯಿಂದ ನೀರಿನ ಮಟ್ಟದ ವರದಿ ಬರಲಿಲ್ಲ. ತುದಿಗೆ ನೀರು ಮುಟ್ಟುತ್ತಿಲ್ಲವೆಂಬ ದೂರು ಮೊದಲೇ ಇತ್ತು. ಮಲ್ಲಣ್ಣನವರು ಗೇಟ್ ಏರಿಸಲು ಕುಳಿತರು. ಬಟನ್ ಜಪ್ಪಯ್ಯ ಎಂದರೂ ಕೇಳಲಿಲ್ಲ.

“ಸೊನ್ನಿ ಹಾಕಿಬಿಡ್ಲೇನ್ರಿ?”

“ಸೊನ್ನಿ ಅಂತ ನೋಡಿ ಬಂದವರು ಯಾರ್ರಿ ಸರ್?” ಎಂದೆ.

ಅವರು ಮುಖ ಗಂಟಿಕ್ಕಿಕೊಂಡು ಜೀಪಿನ ಕೀ ಎತ್ತಿಕೊಂಡರು. ನಾನೂ ಜೊತೆಗೆ ಹತ್ತಿದೆ.

ಹೋಗಿ ನೋಡಿದರೆ ಕಾಲುವೆ ಅಂಚಿನವರೆಗೆ ತುಂಬಿತ್ತು. ಮಳೆ ಬಿದ್ದಿತೆಂದು ಮೇಲಿನ ಭತ್ತದ ರೈತರೆಲ್ಲ ತಮ್ಮ ತೂಬು ಮುಚ್ಚಿದ್ದರು. ಅವರು ಬಳಸದ ನೀರೆಲ್ಲ ತುದಿಗೆ ಬಂದಿತ್ತು. ಒಡ್ಡಿನ ಕೆಳಗಿನ ಖಾಲಿ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದರು. ಕುರಿಗಾರ ಹೆಂಗಸೊಬ್ಬಳು, ನಿಂಗವ್ವ, ಜಿನುಗುತ್ತಿದ್ದ ಒಡ್ಡಿಗೆ ಒಬ್ಬಳೇ ಮಣ್ಣು ಮೆತ್ತುತ್ತಿದ್ದಳು.

“ಇನ್ನೊಂದ್ ಗೇಣ ಏರಿದ್ರ ಒಡೀತೈತ್ರಿ ಯಪ್ಪಾ. ಗುಡಿಸಲದಾಗ ಮಗಳು ಬಾಣಂತಿ ಅದಾಳ್ರಿ!”

ಮಲ್ಲಣ್ಣನವರು ಜೀಪು ತಿರುಗಿಸಿ ಮೇಲಿನ ಗೇಟಿಗೆ ಓಡಿಸಿ, ತಾವೇ ಚಕ್ರ ತಿರುಗಿಸಿ ಗೇಟ್ ಇಳಿಸಿದರು. ನೀರು ತಗ್ಗುವವರೆಗೆ ನಾನೂ ನಿಂಗವ್ವನ ಜೊತೆ ಮಣ್ಣು ಮೆತ್ತಿದೆ. ಒಡ್ಡಿನ ಕೆಳಗಿನ ಗುಡಿಸಲೊಳಗೆ ಕೂಸು ಅಳುತ್ತಿತ್ತು. ಅಷ್ಟು ಭಯ ನನಗೆ ಮತ್ತೆಂದೂ ಆಗಿಲ್ಲ.

ತಿಳಿಯದಿರುವುದಕ್ಕೂ ಒಂದು ಜಾಗ ಕೊಡಬೇಕು, ಇಲ್ಲವಾದರೆ ಅಲ್ಲಿ ಸುಳ್ಳು ಬಂದು ಕೂರುತ್ತದೆ. ನನ್ನ ವೃತ್ತಿ ಕಲಿಸಿದ್ದು ಇಷ್ಟು. ಮರುದಿನ ಮಲ್ಲಣ್ಣನವರು ನನ್ನ ಟೇಬಲ್ಲಿನ ಹತ್ತಿರ ಬಂದು ಪರದೆಯತ್ತ ಬೆರಳು ತೋರಿಸಿದರು.

“ಮೇಡಂ, ಆ ‘ಗೊತ್ತಿಲ್ಲ’ ಅನ್ನೋ ಅಕ್ಷರ ಭಾಳ ಸಣ್ಣ ಅದಾವ್ರಿ. ಸ್ವಲ್ಪ ದೊಡ್ಡವು ಮಾಡ್ರಿ.”