ದರ್ಜಿ ಹಸೈನಾರ್ ಮೈಕಿನಲ್ಲಿ ಹೇಳಿದ ಅಳತೆ

ಅತ್ತಾವರದ ದರ್ಜಿ ಹಸೈನಾರ್ ಸಾಹೇಬರು ಪಾರ್ಲಿಮೆಂಟಿಗೆ ಹೋದದ್ದು ಭಾಷಣದ ಬಲದಿಂದಲ್ಲ. ಐವತ್ತೇಳರ ಚುನಾವಣೆಯಲ್ಲಿ ಪಕ್ಷದ ಎರಡು ಗುಂಪುಗಳು ಹಾವು ಮುಂಗುಸಿಯಂತೆ ಕಚ್ಚಾಡಿ, ಕೊನೆಗೆ ಎರಡೂ ಕಡೆಯವರಿಗೆ ಜುಬ್ಬ ಹೊಲಿಯುತ್ತಿದ್ದವರನ್ನೇ ನಿಲ್ಲಿಸಿದವು. ಗೆದ್ದೂಬಿಟ್ಟರು! ಅಂಗಡಿಯನ್ನು ತಮ್ಮ ಶುಕೂರನಿಗೆ ಒಪ್ಪಿಸಿ, ಐದು ವರ್ಷ ದೆಹಲಿಯಲ್ಲಿ ಬಂದರಿನ ಹೂಳು, ಮೀನುಗಾರರ ಬಲೆ ಎಂದು ಮಂತ್ರಿಗಳ ಬೆನ್ನು ಬಿಡದೆ ಕಾಡಿದರು. ಊರಿಗೆ ಬಂದಾಗಲೆಲ್ಲ ಮತ್ತೆ ಹೊಲಿಗೆ ಮೆಷಿನ್ನಿನ ಮುಂದೆ ಕೂರುತ್ತಿದ್ದರು.

ಅರವತ್ತೆರಡರಲ್ಲಿ ಎದುರಾಳಿಯಾಗಿ ನಿಂತವರು ತ್ರಿವಿಕ್ರಮ ಮಾಸ್ತರರು. ಹದಿನೈದು ವರ್ಷದ ಗಿರಾಕಿ, ಅದಕ್ಕಿಂತ ಹೆಚ್ಚಾಗಿ ಗೆಳೆಯ. ಚುನಾವಣೆ ಬೇರೆ, ಸ್ನೇಹ ಬೇರೆ ಎಂದು ಇಬ್ಬರೂ ಮಾತಾಡಿಕೊಂಡಿದ್ದರು. ಆದರೆ ಪಡೀಲಿನ ಸಭೆಯಲ್ಲಿ ಚಪ್ಪಾಳೆ ಬಿದ್ದದ್ದೇ ಸಾಹೇಬರ ತಲೆ ತಿರುಗಿತು; ಮೈಕಿನಲ್ಲಿ ಹೇಳಿಯೇಬಿಟ್ಟರು:

"ಮಾಷ್ಟ್ರು ಬಡವರಿಗಾಗಿ ಉಪವಾಸ ಮಾಡಿದ್ದಾರಂತೆ. ಅವರ ಹೊಟ್ಟೆ ಐದು ವರ್ಷದಲ್ಲಿ ನಾಲ್ಕಿಂಚು ಬೆಳೆದಿದೆ. ಅಳತೆ ನನ್ನ ಹತ್ತಿರ ಉಂಟು!"

ಜನ ಬಿದ್ದು ಬಿದ್ದು ನಕ್ಕರು. ಸಾಹೇಬರಿಗೆ ಮಾತ್ರ ಆ ಕ್ಷಣವೇ ನಾಚಿಕೆಯಾಯಿತು. ಗಿರಾಕಿಯ ಅಳತೆಯನ್ನು ದರ್ಜಿ ಇನ್ನೊಬ್ಬರ ಮುಂದೆ ಆಡಬಾರದು. ಸೂಜಿ ಹಿಡಿಸುವ ಮೊದಲೇ ಅಪ್ಪ ಹೇಳಿಕೊಟ್ಟದ್ದು ಅದು. ಮನೆಯಲ್ಲಿ ಹೆಂಡತಿ ಮೈಮೂನಾ ಸುಮ್ಮನೆ ಬಿಡಲಿಲ್ಲ. "ನಾಳೆ ನನ್ನ ಕುಪ್ಪಾಯದ ಅಳತೆಯೂ ಮೈಕಿನಲ್ಲಿ ಹೇಳ್ತೀರೋ ಎಂತ?"

ಮಾಸ್ತರರು ಅಂಗಡಿಯತ್ತ ಸುಳಿಯಲಿಲ್ಲ. ಕೊಟ್ಟಾರದ ಬೀದಿಯಲ್ಲಿ ಎದುರಾದಾಗ ಮುಖ ತಿರುಗಿಸಿದರು. ಕ್ಷಮೆ ಕೇಳಲು ಹೊರಟ ಸಾಹೇಬರನ್ನು ಪಕ್ಷದವರು ತಡೆದರು: "ಸೋಲಿನ ಹೆದರಿಕೆ ಅಂತಾರೆ, ಸುಮ್ಮನಿರಿ ಮಾರಾಯ್ರೆ." ಇವರೂ ಸುಮ್ಮನಾದರು. ಎಂಥ ಪುಕ್ಕಲ ನಾನು ಎಂದು ತಮ್ಮನ್ನೇ ಬೈದುಕೊಂಡರು.

ಎಣಿಕೆಯಲ್ಲಿ ಮಾಸ್ತರರು ಗೆದ್ದರು. ಸದ್ಯ, ಸೋತದ್ದೇ ಒಳ್ಳೆಯದಾಯಿತು ಎಂದುಕೊಂಡರು ಸಾಹೇಬರು. ಗೆದ್ದಿದ್ದರೆ ಆ ಮಾತಿನಿಂದಲೇ ಗೆದ್ದ ಹಾಗಾಗುತ್ತಿತ್ತು. ಹಾರ ಹಾಕುವವರ ನಡುವೆ ನುಗ್ಗಿ, ಎಲ್ಲರಿಗೂ ಕೇಳುವಂತೆ, "ತಪ್ಪಾಯ್ತು ಮಾಷ್ಟ್ರೇ. ದರ್ಜಿ ಹೇಳಬಾರದ್ದನ್ನು ಹೇಳಿದೆ" ಎಂದರು. ಮಾಸ್ತರರು ಕೊರಳ ಹಾರ ಸರಿಪಡಿಸಿಕೊಂಡು ಜೀಪು ಹತ್ತಿದರು.

ಮೂರು ದಿನ ಸಾಹೇಬರಿಗೆ ಅನ್ನ ಸೇರಲಿಲ್ಲ. ನಾಲ್ಕನೆಯ ಬೆಳಿಗ್ಗೆ ಮಾಸ್ತರರು ಅಂಗಡಿ ಹತ್ತಿ, ಬಟ್ಟೆಯ ಕಟ್ಟನ್ನು ಮೇಜಿನ ಮೇಲಿಟ್ಟರು.

"ಪ್ರಮಾಣವಚನಕ್ಕೆ ಕೋಟು ಬೇಕು ಸಾಹೇಬ್ರೇ. ಅಳತೆ ತೆಗೀರಿ."

ಎದೆಯ ಮೇಲಿನ ಚಪ್ಪಡಿ ಇಳಿದಂತೆ ಸಾಹೇಬರು ಉಸಿರು ಬಿಟ್ಟರು. ಭುಜ, ಎದೆ ಮುಗಿಸಿ ಟೇಪನ್ನು ಹೊಟ್ಟೆಗೆ ಸುತ್ತಿದರು.

"ಈಗ ಎಷ್ಟುಂಟು?" ಎಂದು ಮಾಸ್ತರರು ಕೇಳಿದರು.

"ಇನ್ನು ಅದನ್ನು ನಿಮಗೂ ಹೇಳುವುದಿಲ್ಲ."

ಮಾಸ್ತರರು ನಕ್ಕ ರಭಸಕ್ಕೆ ಟೇಪು ಜಾರಿತು. ಸಾಹೇಬರು ಕಣ್ಣೊರೆಸಿಕೊಂಡು ಮತ್ತೆ ಮೊದಲಿನಿಂದ ಅಳೆಯತೊಡಗಿದರು.