ಮಗ ಕನ್ನಡದಲ್ಲಿ ಮಾತಾಡಿದ ದಿನ

2006ರ ಚಳಿಗಾಲ. ಆಗ ನಾವು ದೆಹಲಿಯ ರೋಹಿಣಿಯಲ್ಲಿದ್ದೆವು. ಕುಂದಾಪುರದ ಕಡೆಯವರಾದ ನನ್ನ ಯಜಮಾನರು ಅಲ್ಲಿ ಸಣ್ಣ ಹೋಟೆಲ್ ನಡೆಸುತ್ತಿದ್ದರು. ಒಬ್ಬನೇ ಮಗ ಪ್ರಸಾದ ಹತ್ತನೇ ತರಗತಿ. ದೆಹಲಿಯಲ್ಲೇ ಹುಟ್ಟಿದವನು, ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರಿಸುತ್ತಿದ್ದ.

ಒಂದು ಸಂಜೆ ಟ್ಯೂಷನ್ ಮುಗಿದ ಮೇಲೆ ಹುಡುಗರು ಹೊಡೆದಾಡಿಕೊಂಡು ಒಬ್ಬನ ಕಣ್ಣಿಗೆ ಬಲವಾದ ಪೆಟ್ಟಾಯಿತು. ಪೊಲೀಸರು ಹಿಡಿದವರಲ್ಲಿ ಪ್ರಸಾದನೂ ಇದ್ದ. ಜಾಮೀನು ಸಿಗದೆ, ಬಾಲಾಪರಾಧಿಗಳನ್ನು ಇಡುವ ಸರ್ಕಾರಿ ಗೃಹಕ್ಕೆ ಕಳಿಸಿದರು.

ಬೋರ್ಡ್ ಪರೀಕ್ಷೆ ಹತ್ತಿರವಿತ್ತು. ಮೊದಲ ಭೇಟಿಗೆ ಗಣಿತ, ವಿಜ್ಞಾನದ ಪುಸ್ತಕ ಒಯ್ದಿದ್ದೆ. ಮಗನ ತಲೆ ಬೋಳಿಸಿದ್ದರು. ಪಕ್ಕದಲ್ಲೇ ಕಾವಲುಗಾರ ಕೂತಿದ್ದ.

"ಹೇಗಿದ್ದೀ ಮಗಾ?" ಎಂದೆ.

ಅವನು ಕಾವಲುಗಾರನತ್ತ ಒಮ್ಮೆ ನೋಡಿ, ತಲೆ ತಗ್ಗಿಸಿ, ಕನ್ನಡದಲ್ಲಿ ಶುರು ಮಾಡಿದ. "ಅಮ್ಮಾ, ದೊಡ್ಡ ಹುಡುಗರು ಹೊಡೀತಾರೆ. ರೋಜ್, ದಿನಾ ಹೊಡೀತಾರೆ. ರೋಟಿ ಕಿತ್ಕೊಳ್ತಾರೆ. ಬುಕ್ ಬೇಡ, ಹರೀತಾರೆ. ಇಲ್ಲಿ ಕ್ಲಾಸಲ್ಲಿ ಎಲ್ಲರಿಗೂ ಕ ಖ ಗ ಬರೆಸ್ತಾರೆ, ಅಷ್ಟೇ."

ಅವನ ಬಾಯಿಂದ ಅಷ್ಟು ಕನ್ನಡ ಕೇಳಿದ್ದು ಅದೇ ಮೊದಲು.

"ಕ್ಯಾ ಬೋಲ್ ರಹಾ ಹೈ?" ಎಂದ ಕಾವಲುಗಾರ.

"ಮನೆ ಊಟ ಬೇಕಂತೆ ಭಯ್ಯಾ" ಎಂದು ಹಿಂದಿಯಲ್ಲಿ ಸುಳ್ಳು ಹೇಳಿದೆ. ಕಾವಲುಗಾರ ನಕ್ಕ. ನಾನೂ ನಗಬೇಕಾಯಿತು.

ಯಜಮಾನರು ಅಲ್ಲಿನ ಅಧಿಕಾರಿಯನ್ನು ಕಂಡು, ಮಗನಿಗೆ ಇನ್ನಷ್ಟು ಹೊಡೆದಾರೆಂದು ಯಾರ ಹೆಸರೂ ಎತ್ತದೆ, ಹುಡುಗ ಹೆದರಿದ್ದಾನೆ ಎಂದರು. ಆತ ಒರಟನೇನಲ್ಲ. "ಮಕ್ಕಳ ಜೊತೆ ಮಾತಾಡೋಕೆ ಒಬ್ಬ ಮೇಡಂ ವಾರಕ್ಕೊಮ್ಮೆ ಬರ್ತಾರೆ. ಇಷ್ಟು ಮಕ್ಕಳಿದ್ದಾರೆ, ನಿಮ್ಮವನ ಸರದಿ ಯಾವಾಗ ಅಂತ ಹೇಗೆ ಹೇಳಲಿ ಭಾಯಿಸಾಬ್?" ಎಂದ. ಆ ಸರದಿ ಕೊನೆಗೂ ಬರಲಿಲ್ಲ.

ವಾರ ಕಳೆದಂತೆ ಪ್ರಸಾದ ಹೇಳುವುದು ಕಡಿಮೆಯಾಯಿತು. ಆಮೇಲೆ ಬರೀ "ಹೂಂ". ಕೊನೆಯ ಭೇಟಿಗಳಲ್ಲಿ ಅದೂ ಇಲ್ಲ.

ಜಾಮೀನು ಸಿಗುವಷ್ಟರಲ್ಲಿ ಪರೀಕ್ಷೆ ಮುಗಿದಿತ್ತು. ಬೇರೆ ಪೋಷಕರು ಒಪ್ಪುವುದಿಲ್ಲ ಎಂದು ಶಾಲೆಯವರು ಟಿ.ಸಿ. ಕೈಗಿತ್ತರು. ಅವನು ಯಾರನ್ನೂ ಹೊಡೆದಿರಲಿಲ್ಲ ಎಂದು ಮುಂದೆ ತೀರ್ಪು ಬಂತು. ಅದನ್ನು ಓದಿ ಹೇಳಿದಾಗ ಅವನು ಗೋಡೆ ನೋಡುತ್ತಿದ್ದ.

ಮತ್ತೆ ಓದಲಿಲ್ಲ. ಈಗ ಅಪ್ಪನ ಜೊತೆ ಹೋಟೆಲಿನಲ್ಲಿ ಕೆಲಸ ಮಾಡುತ್ತಾನೆ, ವಯಸ್ಸು ಮೂವತ್ತು ದಾಟಿದೆ. ಆದರೂ ನಾನು ಅವನ ಕೋಣೆಗೆ ಕಾಲಿಟ್ಟರೆ ಸಾಕು, ತಟ್ಟನೆ ಎದ್ದು ಕೈ ಹಿಂದೆ ಕಟ್ಟಿ ನಿಲ್ಲುತ್ತಾನೆ. "ನಾನು ಮಗಾ, ಅಮ್ಮ. ಕೂತ್ಕೋ" ಎನ್ನುತ್ತೇನೆ. ನಾನು ಹೊರಗೆ ಬರುವ ತನಕ ಅವನು ಕೂರುವುದಿಲ್ಲ.